ಸಮಾನ ಉದ್ಯೋಗಾವಕಾಶದ ಕಾನೂನು: ಗೋಡೆಗೆ ಹಾಕುವ ನೀತಿ ಸಾಕೇ, ಅಥವಾ ಕೆಲಸ ಬೇರೆ ಇದೆಯೇ?

ಗೇರುಬೀಜ_ಕಾರ್ಕಳ

ಎಲ್ಲರಿಗೂ ನಮಸ್ಕಾರ. ಕಾರ್ಕಳ ತಾಲೂಕಿನ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತೇನೆ. ನೂರಕ್ಕೂ ಹೆಚ್ಚು ಜನ ಕೆಲಸಗಾರರು, ಅವರಲ್ಲಿ ಬಹುಪಾಲು ಹೆಂಗಸರು. ಈ ಸಲ ಅಮೆರಿಕದ ಖರೀದಿದಾರರೊಬ್ಬರು ಬೇಡಿಕೆ ಪಟ್ಟಿಯ ಜೊತೆಗೆ ಒಂದು ಪ್ರಶ್ನಾವಳಿಯನ್ನೂ ಕಳುಹಿಸಿದ್ದಾರೆ. ನಿಮ್ಮಲ್ಲಿ ಸಮಾನ ಉದ್ಯೋಗಾವಕಾಶದ ನೀತಿ ಇದೆಯೇ, ದೂರು ಕೇಳುವವರು ಯಾರು, ಒಂದೇ ಕೆಲಸಕ್ಕೆ ಒಂದೇ ವೇತನ ಕೊಡುತ್ತೀರಾ ಎಂದೆಲ್ಲ ಕೇಳಿದ್ದಾರೆ. ಅವರ ದೇಶದ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಹೆಸರೂ ಅದರಲ್ಲಿದೆ.

ನಮ್ಮ ಧಣಿಗಳು ಕೆಟ್ಟವರಲ್ಲ. ಆದರೆ "ಎಲ್ಲಿಂದಾದರೂ ಒಂದು ನೀತಿ ತೆಗೆದು ನಮ್ಮ ಹೆಸರು ಹಾಕಿ ಗೋಡೆಗೆ ಅಂಟಿಸಿ, ಸಾಕು" ಎನ್ನುತ್ತಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಗೇಟಿನ ಬಳಿ ತೂಗುತ್ತಿರುವ ಫಲಕದಲ್ಲಿ "ಕಚೇರಿ ಕೆಲಸಕ್ಕೆ 25 ವರ್ಷದೊಳಗಿನ ಅವಿವಾಹಿತ ಯುವತಿಯರು ಬೇಕಾಗಿದ್ದಾರೆ" ಎಂದಿದೆ. ಸುಲಿಯುವ ಮತ್ತು ವಿಂಗಡಿಸುವ ಹೆಂಗಸರಿಗೆ ಕಿಲೋ ಲೆಕ್ಕದ ಕೂಲಿ, ಗಂಡಸರಿಗೆ ತಿಂಗಳ ಸಂಬಳ. ಲೈಂಗಿಕ ಕಿರುಕುಳದ ದೂರು ಸಮಿತಿಗೆ ಧಣಿಗಳ ಮನೆಯವರೇ ಅಧ್ಯಕ್ಷೆ, ಅವರು ಕಾರ್ಖಾನೆಯ ನೌಕರರಲ್ಲ. ಕಿವಿ ಕೇಳದ ಹುಡುಗಿಯೊಬ್ಬಳು ವಿಂಗಡಣೆಯ ಕೆಲಸ ಕೇಳಿಕೊಂಡು ಬಂದಿದ್ದಾಳೆ. "ಕರೆದರೆ ಕೇಳಿಸುವುದಿಲ್ಲ, ಬೇಡ" ಎನ್ನುತ್ತಾರೆ ಮೇಲ್ವಿಚಾರಕರು. ಇಷ್ಟೆಲ್ಲ ಹೀಗೇ ಇಟ್ಟುಕೊಂಡು ಮೇಲೊಂದು ನೀತಿ ಅಂಟಿಸಿದರೆ ಆಯಿತೇ? ತಿಳಿದವರು ಹೇಳಿ, ಎಲ್ಲಿಂದ ಆರಂಭಿಸಲಿ?

ವಕೀಲೆ_ಬಲ್ಮಠ

ಮೊದಲು ಅಮೆರಿಕದ ವಿಷಯ ಮುಗಿಸುತ್ತೇನೆ. 1964ರ ಆ ಕಾಯ್ದೆ ಹದಿನೈದು ಅಥವಾ ಹೆಚ್ಚು ನೌಕರರಿರುವ ಅಲ್ಲಿನ ಮಾಲೀಕರಿಗೆ ಅನ್ವಯಿಸುತ್ತದೆ. ಜನಾಂಗ, ಬಣ್ಣ, ಧರ್ಮ, ಲಿಂಗ, ರಾಷ್ಟ್ರೀಯ ಮೂಲ ಇವುಗಳ ಆಧಾರದ ಮೇಲೆ ತಾರತಮ್ಯ ಮಾಡಬಾರದು ಎನ್ನುತ್ತದೆ. ಅದು ಕಾರ್ಕಳದ ಕಾರ್ಖಾನೆಯ ಮೇಲೆ ನೇರವಾಗಿ ಬರುವುದಿಲ್ಲ. ಆದರೆ ಖರೀದಿ ಒಪ್ಪಂದದಲ್ಲಿ ಆ ಷರತ್ತಿಗೆ ನೀವು ಸಹಿ ಹಾಕಿದರೆ ಒಪ್ಪಂದ ನಿಮ್ಮನ್ನು ಕಟ್ಟಿಹಾಕುತ್ತದೆ. ಸುಳ್ಳು ತುಂಬಿ ಕಳುಹಿಸಬೇಡಿ.

ಇನ್ನು ನಮ್ಮ ಕಾನೂನು. ನಮ್ಮಲ್ಲಿ ಎಲ್ಲವನ್ನೂ ಒಂದೆಡೆ ಹೇಳುವ ಒಂದೇ ಕಾಯ್ದೆ ಇಲ್ಲ. ಸಂವಿಧಾನದ 16ನೇ ವಿಧಿ ಸರ್ಕಾರಿ ಉದ್ಯೋಗಕ್ಕೆ ಸಂಬಂಧಿಸಿದ್ದು. ಖಾಸಗಿಯವರಿಗೆ ಬೇರೆ ಬೇರೆ ಕಾಯ್ದೆಗಳಿವೆ, ಪ್ರತಿಯೊಂದಕ್ಕೂ ತಲೆ ಎಣಿಕೆಯ ಮಿತಿ ಬೇರೆ. ನಿಮ್ಮದು ನೂರು ದಾಟಿರುವುದರಿಂದ ಬಹುತೇಕ ಎಲ್ಲವೂ ನಿಮಗೆ ಬರುತ್ತವೆ.

ವೇತನ ಮತ್ತು ನೇಮಕಾತಿಯಲ್ಲಿ ಲಿಂಗ ತಾರತಮ್ಯವನ್ನು 1976ರ ಸಮಾನ ವೇತನ ಕಾಯ್ದೆ ನಿಷೇಧಿಸಿತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಅದರ ಜಾಗದಲ್ಲಿ 2019ರ ವೇತನ ಸಂಹಿತೆ ಇದೆ. ಅದರ 3ನೇ ಸೆಕ್ಷನ್ ಓದಿ, ಚಿಕ್ಕದು, ಸ್ಪಷ್ಟವಾಗಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಿ ರಾಜ್ಯ ಆಯುಕ್ತರಲ್ಲಿ ನೋಂದಾಯಿಸಬೇಕು. ಇಪ್ಪತ್ತು ಅಥವಾ ಹೆಚ್ಚು ನೌಕರರಿದ್ದರೆ ಆ ನೀತಿಯಲ್ಲಿ ಯಾವ ಹುದ್ದೆಗಳು ಅಂಗವಿಕಲರಿಗೆ ಸೂಕ್ತ, ಯಾವ ಸೌಲಭ್ಯ ಕೊಡುತ್ತೀರಿ, ಸಂಪರ್ಕಾಧಿಕಾರಿ ಯಾರು ಎಂಬುದೂ ಇರಬೇಕು. ಅಂದರೆ ಬೇರೆಲ್ಲಿಂದಲೋ ನಕಲು ಮಾಡಿದ ನೀತಿ ಇಲ್ಲಿಯೇ ಬಿದ್ದುಹೋಗುತ್ತದೆ; ಹುದ್ದೆಗಳ ಪಟ್ಟಿ ನಿಮ್ಮ ಕಾರ್ಖಾನೆಯದೇ ಆಗಬೇಕಲ್ಲ. ಆ ಕಾಯ್ದೆಯನ್ನು ಉಲ್ಲಂಘಿಸಿದರೆ ಮೊದಲ ಸಲ ಹತ್ತು ಸಾವಿರ ರೂಪಾಯಿವರೆಗೆ ದಂಡ. ಮತ್ತೆ ಮಾಡಿದರೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ. ಎಚ್‌ಐವಿ ಕುರಿತ 2017ರ ಕಾಯ್ದೆ ಕೆಲಸಕ್ಕೆ ಸೇರಿಸುವ ಮೊದಲು ಆ ಪರೀಕ್ಷೆ ಕೇಳುವುದನ್ನು ನಿಷೇಧಿಸುತ್ತದೆ, ನೂರು ಜನರಿರುವಲ್ಲಿ ದೂರು ಅಧಿಕಾರಿ ಇರಬೇಕೆನ್ನುತ್ತದೆ. ನಿಮ್ಮ ವೈದ್ಯಕೀಯ ತಪಾಸಣೆಯ ನಮೂನೆಯನ್ನು ಒಮ್ಮೆ ತೆಗೆದು ನೋಡಿ.

ಈಗ ಗೇಟಿನ ಫಲಕ. ಅದನ್ನು ಇವತ್ತೇ ಇಳಿಸಿ. ಗಂಡಸರಿಗೆ ಕೇಳದ ಮದುವೆಯ ಪ್ರಶ್ನೆಯನ್ನು ಹೆಂಗಸರಿಗೆ ಮಾತ್ರ ಕೇಳುವುದು ಲಿಂಗದ ಆಧಾರದ ಭೇದವೇ. ನಮ್ಮ ಪಕ್ಕದ ಕೊಡಗಿನವರಾದ ಸಿ. ಬಿ. ಮುತ್ತಮ್ಮ ವಿದೇಶಾಂಗ ಸೇವೆಯಲ್ಲಿದ್ದಾಗ, ಮದುವೆಯಾಗಲು ಮಹಿಳಾ ಅಧಿಕಾರಿ ಸರ್ಕಾರದ ಅನುಮತಿ ಪಡೆಯಬೇಕೆಂಬ ನಿಯಮವಿತ್ತು; ಅವರು ಸುಪ್ರೀಂ ಕೋರ್ಟಿಗೆ ಹೋದರು, 1979ರ ತೀರ್ಪಿನಲ್ಲಿ ನ್ಯಾಯಾಲಯ ಆ ಧೋರಣೆಯನ್ನು ಕಟುವಾಗಿ ಟೀಕಿಸಿತು. 1991ರ ನೀರಾ ಮಾಥುರ್ ಪ್ರಕರಣದಲ್ಲಿ ಜೀವ ವಿಮಾ ನಿಗಮದ ಅರ್ಜಿಯಲ್ಲಿ ಮುಟ್ಟು ಮತ್ತು ಗರ್ಭದ ವಿವರ ಕೇಳುವ ಕಾಲಂಗಳಿದ್ದವು. ಅವನ್ನು ತೆಗೆದುಹಾಕಬೇಕು ಎಂದಿತು ಕೋರ್ಟ್. ಮದುವೆಯಾದಳೆಂದು ಸೇನಾ ದಾದಿಯೊಬ್ಬರನ್ನು ಕೆಲಸದಿಂದ ತೆಗೆದ ಪ್ರಕರಣದಲ್ಲಿ 2024ರ ಫೆಬ್ರವರಿಯಲ್ಲಿ 60 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶವಾಯಿತು. ಇವೆಲ್ಲ ಸರ್ಕಾರಿ ಸಂಸ್ಥೆಗಳ ವಿರುದ್ಧ ಬಂದ ತೀರ್ಪುಗಳು, ನಿಜ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ನಿಮ್ಮ ಧಣಿಗಳಿಗೆ ತಿಳಿಯಲಿ.

ರಥಬೀದಿ_ಜವಳಿ

ನಾನು ಮಂಗಳೂರಿನಲ್ಲಿ ಬಟ್ಟೆ ಅಂಗಡಿ ನಡೆಸುವವನು, ಹದಿನಾಲ್ಕು ಜನ ಕೆಲಸಕ್ಕಿದ್ದಾರೆ. ಮದುವೆಯಾಗದವರು ಬೇಕು ಎನ್ನುವ ಮಾಲೀಕನೆಲ್ಲ ಹೆಂಗಸರ ವೈರಿಯಲ್ಲ. 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆ ಹನ್ನೆರಡು ವಾರದಿಂದ ಇಪ್ಪತ್ತಾರು ವಾರವಾಯಿತು. ಆರು ತಿಂಗಳು ಅವರಿಗೂ ಸಂಬಳ, ಅವರ ಜಾಗಕ್ಕೆ ಬಂದವರಿಗೂ ಸಂಬಳ. 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯ ಸಚಿವ ಸಂಪುಟ ತಿಂಗಳಿಗೊಂದು ದಿನದ ವೇತನಸಹಿತ ಮುಟ್ಟಿನ ರಜೆಯನ್ನೂ ಒಪ್ಪಿತು. ದೊಡ್ಡ ಕಂಪನಿಗಳು ತಡೆದುಕೊಳ್ಳುತ್ತವೆ. ಹಬ್ಬದ ತಿಂಗಳಲ್ಲಿ ಗಳಿಸಿ ಮಳೆಗಾಲದಲ್ಲಿ ಕೈ ಕಟ್ಟಿ ಕುಳಿತುಕೊಳ್ಳುವ ನಮ್ಮಂಥವರು ಏನು ಮಾಡಬೇಕು? ಕಾನೂನು ಪಾಲಿಸುವುದಿಲ್ಲ ಎನ್ನುತ್ತಿಲ್ಲ. ಇದರ ಭಾರ ಯಾರ ಹೆಗಲ ಮೇಲೆ ಎಂದು ಕೇಳುತ್ತಿದ್ದೇನೆ.

ಲೆಕ್ಕಪತ್ರ_ಕುಂದಾಪುರ

ಪ್ರಶ್ನೆ ನ್ಯಾಯವಾಗಿದೆ, ಉತ್ತರವೂ ಇದೆ. ನಿಮ್ಮಲ್ಲಿ ಹತ್ತಕ್ಕಿಂತ ಹೆಚ್ಚು ಜನರಿದ್ದಾರೆ, ಆದ್ದರಿಂದ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮಾ ನಿಗಮದ ವ್ಯಾಪ್ತಿಗೆ ಬರುತ್ತೀರಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರೆಲ್ಲ ಅದರೊಳಗೆ. ಅಂಗವಿಕಲ ನೌಕರರಿಗೆ ಈ ಮಿತಿ 25,000. ಮಾಲೀಕರ ಪಾಲು ಶೇಕಡಾ 3.25, ನೌಕರರದು 0.75. ಇಎಸ್‌ಐಗೆ ಒಳಪಟ್ಟ ಮಹಿಳೆಯ ಇಪ್ಪತ್ತಾರು ವಾರದ ಹೆರಿಗೆ ಭತ್ಯೆಯನ್ನು ನಿಗಮವೇ ಆಕೆಗೆ ಕೊಡುತ್ತದೆ, ನೀವಲ್ಲ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದೊಂದೂ ಆರು ತಿಂಗಳು) ಒಟ್ಟು 70 ದಿನಗಳ ವಂತಿಗೆ ಸಂದಾಯವಾಗಿರಬೇಕು, ಅಷ್ಟೇ. ನಿಮ್ಮ ಮೇಲೆ ಬೀಳುವುದು ಬದಲಿ ನೌಕರರ ಸಂಬಳ ಮಾತ್ರ. ಅದು ಹೇಗೂ ಕೆಲಸಕ್ಕೆ ಕೊಡುವ ಹಣ.

ನಮ್ಮ ಕರಾವಳಿಯ ಎಷ್ಟೋ ಅಂಗಡಿಗಳಲ್ಲಿ ಇಎಸ್‌ಐ ತಪ್ಪಿಸಲು ಪುಸ್ತಕದಲ್ಲಿ ಒಂಬತ್ತೇ ಹೆಸರು ಬರೆಯುತ್ತಾರೆ. ಆ ಉಳಿತಾಯದ ನಿಜವಾದ ಬೆಲೆ ತೆರುವವಳು ಬಸುರಿಯಾದ ಹುಡುಗಿ: ನಿಗಮದ ಹಣವೂ ಸಿಗುವುದಿಲ್ಲ, ಅಂಗಡಿಯಲ್ಲಿ ಕೆಲಸವೂ ಉಳಿಯುವುದಿಲ್ಲ. ನನಗೆ ಇದರಷ್ಟು ಸಿಟ್ಟು ಬರಿಸುವ ಸಂಗತಿ ಬೇರೆ ಇಲ್ಲ.

ರಥಬೀದಿ_ಜವಳಿ

ನನ್ನಲ್ಲಿ ಹದಿನಾಲ್ಕು ಹೆಸರೂ ಪುಸ್ತಕದಲ್ಲಿವೆ. ಹೆರಿಗೆಯ ಹಣ ನಿಗಮದಿಂದ ಬರುತ್ತದೆ ಎಂಬುದನ್ನು ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ವ್ಯಾಪಾರಿಗಳ ಸಂಘದ ಮುಂದಿನ ಸಭೆಯಲ್ಲಿ ಇದನ್ನು ಪ್ರಸ್ತಾಪಿಸುತ್ತೇನೆ. ಬದಲಿ ನೌಕರರ ತರಬೇತಿಯ ಕಷ್ಟ ಹಾಗೆಯೇ ಉಳಿಯುತ್ತದೆ ಎಂಬ ಮಾತನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.

ಮೆಟ್ಟಿಲು_ಸಾಕು

ಗಾಲಿಕುರ್ಚಿ ಬಳಸುವ ಲೆಕ್ಕಪರಿಶೋಧಕ ನಾನು. ಹಂಪನಕಟ್ಟೆಯ ಒಂದು ಕಚೇರಿಗೆ ಸಂದರ್ಶನಕ್ಕೆ ಹೋಗಿದ್ದೆ. ಎರಡನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ಕೆಳಗಿನಿಂದ ಫೋನ್ ಮಾಡಿದೆ. "ಇಬ್ಬರು ಹುಡುಗರನ್ನು ಕಳುಹಿಸುತ್ತೇವೆ, ಎತ್ತಿಕೊಂಡು ಬರುತ್ತಾರೆ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಕೆಲಸ ಕೇಳಲು ಬಂದವನನ್ನು ಸಾಮಾನಿನಂತೆ ಹೊತ್ತು ಸಾಗಿಸಿ, ಮೇಲೆ ಕೂರಿಸಿ, "ನಿಮ್ಮ ಸಾಮರ್ಥ್ಯಗಳೇನು" ಎಂದು ಕೇಳಿದರೆ ಅವನು ಯಾವ ಮುಖದಿಂದ ಉತ್ತರಿಸಬೇಕು? ಕೆಳಗಿನ ಅಂತಸ್ತಿನಲ್ಲಿ ಅವರದೇ ದಾಸ್ತಾನು ಕೋಣೆ ಇತ್ತು. ಎರಡು ಕುರ್ಚಿ ಇಳಿಸಿದ್ದರೆ ಸಂದರ್ಶನ ಅಲ್ಲೇ ಮುಗಿಯುತ್ತಿತ್ತು.

ಅಂಗವಿಕಲರ ಕಾಯ್ದೆ ಹೇಳುವ ಸಮಂಜಸ ಹೊಂದಾಣಿಕೆ ಎಂದರೆ ಬಹಳ ಸಲ ಇಷ್ಟೇ. ಎಲ್ಲರೂ ಇಳಿಜಾರು, ಲಿಫ್ಟ್, ಲಕ್ಷಗಟ್ಟಲೆ ಖರ್ಚು ಎಂದು ಮೊದಲೇ ಹೆದರುತ್ತಾರೆ. ಮೊದಲು ಆ ವ್ಯಕ್ತಿಯನ್ನೇ ಕೇಳಿ, ನಿಮಗೆ ಏನು ಬೇಕು ಎಂದು. ಕಾರ್ಕಳದವರೇ, ಆ ಹುಡುಗಿಯನ್ನು ಕೇಳಿದಿರಾ? ವಿಂಗಡಣೆ ಕಣ್ಣಿನ ಕೆಲಸವಲ್ಲವೇ?

ಗೇರುಬೀಜ_ಕಾರ್ಕಳ

ನಿಮ್ಮ ಮಾತು ಓದಿದ ಮೇಲೆ ಮೇಲ್ವಿಚಾರಕರನ್ನು ಕೂರಿಸಿಕೊಂಡು ಮಾತನಾಡಿದೆ. ವಿಂಗಡಣೆಯ ಮೇಜಿನಲ್ಲಿ ಕಿವಿಗೆ ಏನು ಕೆಲಸ ಎಂದು ಕೇಳಿದೆ. ಡಬ್ಲ್ಯೂ 180, 240, 320 ಎಂದು ತಿರುಳಿನ ಗಾತ್ರ ನೋಡಿ ಬೇರೆ ಮಾಡಬೇಕು. ಒಂದು ಪೌಂಡಿಗೆ ಎಷ್ಟು ತಿರುಳು ಎಂಬುದೇ ಆ ಸಂಖ್ಯೆ. ಸುಟ್ಟ ಬಣ್ಣದವು, ತುಂಡಾದವು, ಹುಳ ಹಿಡಿದವು ಬೇರೆ. ಇದರಲ್ಲಿ ಕೇಳಿಸಿಕೊಳ್ಳುವುದು ಎರಡೇ: ಊಟದ ಗಂಟೆ ಮತ್ತು ಬೆಂಕಿಯ ಎಚ್ಚರಿಕೆ. ಎರಡಕ್ಕೂ ಮಿನುಗುವ ದೀಪ ಹಾಕಿಸಬಹುದು ಎಂದು ನಮ್ಮ ಎಲೆಕ್ಟ್ರಿಷಿಯನ್ನೇ ಹೇಳಿದರು. ಹುಡುಗಿ ಅಣ್ಣನ ಜೊತೆ ಬಂದು ಮೇಜಿನಲ್ಲಿ ಕುಳಿತು ಮಾಡಿ ತೋರಿಸಿದಳು. ಮೇಲ್ವಿಚಾರಕರು ಅವಳ ತಟ್ಟೆಯನ್ನು ಎರಡು ಸಲ ಕೈಯಾಡಿಸಿ ನೋಡಿದರು, ತೆಗೆದು ಹಾಕಲು ಏನೂ ಸಿಗಲಿಲ್ಲ. ಮುಂದಿನ ವಾರದಿಂದ ಬರುತ್ತಾಳೆ. ನೇಮಕಾತಿ ಪತ್ರವನ್ನೂ ಕೊಡುತ್ತಿದ್ದೇವೆ.

ಈಗ ದೊಡ್ಡ ತಲೆನೋವು ಕೂಲಿಯದು. ಕಿಲೋ ಲೆಕ್ಕ ಒಂದು ಕಡೆ, ತಿಂಗಳ ಸಂಬಳ ಇನ್ನೊಂದು ಕಡೆ. ಹೋಲಿಸುವುದು ಹೇಗೆ?

ಸಂಘದ_ಕಾರ್ಯಕರ್ತೆ_ಉಡುಪಿ

ಗೇರುಬೀಜ ಮತ್ತು ಬೀಡಿ ಕಾರ್ಮಿಕರ ನಡುವೆಯೇ ನನ್ನ ಆಯುಷ್ಯ ಕಳೆದಿದೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಹುದ್ದೆಯ ಹೆಸರು ನೋಡಬೇಡಿ, ಕೈ ಏನು ಮಾಡುತ್ತಿದೆ ನೋಡಿ. ಕೌಶಲ, ಶ್ರಮ, ಅನುಭವ, ಹೊಣೆ ಇವು ಸಮನಾಗಿದ್ದು, ಕೆಲಸದ ಪರಿಸ್ಥಿತಿಯೂ ಒಂದೇ ಬಗೆಯದಾಗಿದ್ದರೆ ಅದು ಒಂದೇ ಕೆಲಸ ಅಥವಾ ಒಂದೇ ಸ್ವರೂಪದ ಕೆಲಸ ಎನ್ನುತ್ತದೆ ಕಾನೂನು. ಸಣ್ಣಪುಟ್ಟ ವ್ಯತ್ಯಾಸ ಲೆಕ್ಕಕ್ಕಿಲ್ಲ. ಮುಂಬೈಯ ಮೆಕಿನನ್ ಮೆಕೆಂಜಿ ಕಂಪನಿಯಲ್ಲಿ ಮಹಿಳಾ ಶೀಘ್ರಲಿಪಿಗಾರರಿಗೆ ಗಂಡಸರಿಗಿಂತ ಕಡಿಮೆ ಸಂಬಳವಿತ್ತು. ಆಡ್ರೆ ಡಿಕೋಸ್ಟಾ ಎಂಬ ನೌಕರರು ಕೊನೆಯವರೆಗೂ ಹೋರಾಡಿದರು, 1987ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಸಂಘದೊಂದಿಗೆ ಒಪ್ಪಂದವಾಗಿದೆ, ಕಂಪನಿ ನಷ್ಟದಲ್ಲಿದೆ ಎಂಬ ಎರಡು ವಾದಗಳನ್ನೂ ಕೋರ್ಟ್ ಒಪ್ಪಲಿಲ್ಲ. ಇದನ್ನು ಧಣಿಗಳಿಗೂ ಹೇಳಿ, ನಮ್ಮ ಸಂಘಗಳ ಮುಖಂಡರಿಗೂ ಹೇಳಿ.

ನಾನು ಕಂಡ ಕಾರ್ಖಾನೆಗಳಲ್ಲಿ ಅನ್ಯಾಯ ಅಡಗಿಕೊಳ್ಳುವ ಜಾಗ ಇದು: ಸಿಪ್ಪೆ ಒಡೆಯುವ ಯಂತ್ರದ ಎದುರು ಗಂಡಸು ಕುಳಿತರೆ ಪುಸ್ತಕದಲ್ಲಿ "ಆಪರೇಟರ್", ಪಕ್ಕದ ಯಂತ್ರದಲ್ಲಿ ಅದೇ ಕೆಲಸಕ್ಕೆ ಹೆಂಗಸು ಕುಳಿತರೆ "ಹೆಲ್ಪರ್". ಯಂತ್ರ ಒಂದೇ, ಪಾಳಿ ಒಂದೇ, ಕೈಗೆ ಹತ್ತುವ ಸಿಪ್ಪೆಯ ಎಣ್ಣೆಯೂ ಒಂದೇ. ಆ ಎಣ್ಣೆ ಚರ್ಮ ಸುಡುತ್ತದೆ, ಗೊತ್ತಿರಬೇಕು ನಿಮಗೆ. ಸಂಬಳ ಮಾತ್ರ ಬೇರೆ. ಮೊದಲು ಇದನ್ನು ಹುಡುಕಿ ಸರಿಪಡಿಸಿ. ಇಲ್ಲಿ ವಾದಕ್ಕೆ ಜಾಗವೇ ಇಲ್ಲ.

ಮುಂದಿನದು ತುಸು ಕಷ್ಟ. 11.34 ಕಿಲೋದ ಡಬ್ಬ ಎತ್ತಿ ಪೇರಿಸುವ ಗಂಡಸಿನ ಕೆಲಸ ಮತ್ತು ದಿನವಿಡೀ ಕತ್ತು ಬಗ್ಗಿಸಿ ವಿಂಗಡಿಸುವ ಹೆಂಗಸಿನ ಕೆಲಸ ಒಂದೇ ಸ್ವರೂಪದವು ಎಂದು ಈಗಿನ ಕಾನೂನಿನಡಿ ಸಾಧಿಸುವುದು ಸುಲಭವಲ್ಲ. ಆದರೆ ಹೆಂಗಸರಿಗೆ ಆ ಪ್ಯಾಕಿಂಗ್ ಕೆಲಸವನ್ನು ಯಾವತ್ತಾದರೂ ಕೊಟ್ಟಿದ್ದೀರಾ ಎಂಬ ಪ್ರಶ್ನೆ ಇದೆಯಲ್ಲ, ಅದು ನೇಮಕಾತಿಯ ತಾರತಮ್ಯದ್ದು. ತಿರುಳು ಒಣಗಿಸುವ ಬೋರ್ಮಾದ ಹತ್ತಿರ, ಬಾಯ್ಲರಿನ ಹತ್ತಿರ, ಮೇಲ್ವಿಚಾರಕರ ಕುರ್ಚಿಯಲ್ಲಿ ಹೆಂಗಸರು ಏಕಿಲ್ಲ? ಹತ್ತಿಪ್ಪತ್ತು ವರ್ಷ ತಿರುಳು ನೋಡಿದವಳಿಗಿಂತ ವಿಂಗಡಣೆ ಬಲ್ಲ ಮೇಲ್ವಿಚಾರಕ ಬೇಕೇ? ಕಿಲೋ ಲೆಕ್ಕ ಇರುವುದು ತಪ್ಪಲ್ಲ, ಆದರೆ ದಿನದ ಕೊನೆಗೆ ಕೈಗೆ ಬರುವ ಮೊತ್ತ ಕನಿಷ್ಠ ವೇತನಕ್ಕಿಂತ ಕೆಳಗಿಳಿಯಬಾರದು. ಹಾಳು ಬೀಜ ಬಂದ ದಿನ ತೂಕ ಇಳಿಯುತ್ತದೆ. ಆ ನಷ್ಟ ಅವಳದಾಗಬಾರದು.

ಇನ್ನೊಂದು ಎಚ್ಚರ: ಸರಿಸಮ ಮಾಡುತ್ತೇವೆಂದು ಗಂಡಸರ ಸಂಬಳ ಕಡಿತ ಮಾಡುವಂತಿಲ್ಲ. ವೇತನ ಸಂಹಿತೆ ಅದನ್ನೂ ನಿಷೇಧಿಸಿದೆ.

ಬಂದರು_ಓದುಗ

ಲಿಂಗ, ಅಂಗವೈಕಲ್ಯ ಸರಿ. ಹೆಸರಿನ ವಿಷಯ ಯಾರೂ ಎತ್ತಲಿಲ್ಲ. ಈ ಊರಿನಲ್ಲಿ ಅರ್ಜಿಯ ಮೇಲಿನ ಹೆಸರು ಓದಿಯೇ ಅದು ಯಾವ ಕಟ್ಟಿಗೆ ಹೋಗಬೇಕೆಂದು ತೀರ್ಮಾನವಾಗುತ್ತದೆ. "ಯಾವ ಊರು, ಯಾರ ಮನೆ, ಯಾವ ಜನ" ಎಂದು ಸಂದರ್ಶನದಲ್ಲಿ ಕೇಳುವುದು ನಮಗೆ ಮರ್ಯಾದೆಯ ಮಾತಿನಂತೆ ರೂಢಿಯಾಗಿದೆ. ನನ್ನ ತಂಗಿ ಕಲಿತದ್ದು ಅದೇ ಕಾಲೇಜಿನಲ್ಲಿ, ಅಂಕ ಅವಳ ಗೆಳತಿಯರಿಗಿಂತ ಹೆಚ್ಚು. ಅವರೆಲ್ಲರಿಗೂ ಕರೆ ಬಂತು, ಅವಳಿಗೆ ಬರಲಿಲ್ಲ. ಇದಕ್ಕೆ ಯಾವ ಕಾನೂನು?

ವಕೀಲೆ_ಬಲ್ಮಠ

ನೋವಿನ ಪ್ರಶ್ನೆ, ನೇರವಾಗಿಯೇ ಹೇಳುತ್ತೇನೆ. ಖಾಸಗಿ ನೇಮಕಾತಿಯಲ್ಲಿ ಧರ್ಮದ ಆಧಾರದ ತಾರತಮ್ಯವನ್ನು ಸ್ಪಷ್ಟವಾಗಿ ಶಿಕ್ಷಿಸುವ ಕೇಂದ್ರ ಕಾಯ್ದೆ ಇಲ್ಲ. ಮುಸ್ಲಿಮರ ಸ್ಥಿತಿಗತಿಯನ್ನು ಅಧ್ಯಯನ ಮಾಡಿದ ಸಾಚಾರ್ ಸಮಿತಿ 2006ರಲ್ಲೇ ಸಮಾನ ಅವಕಾಶ ಆಯೋಗ ಬೇಕೆಂದು ಶಿಫಾರಸು ಮಾಡಿತ್ತು, ಅದು ಬರಲಿಲ್ಲ. ಉದ್ಯೋಗದಲ್ಲಿ ತಾರತಮ್ಯ ಮಾಡಬಾರದೆಂಬ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 111ನೇ ಒಡಂಬಡಿಕೆಗೆ ಭಾರತ 1960ರಲ್ಲೇ ಒಪ್ಪಿಗೆ ಕೊಟ್ಟಿದ್ದರೂ ಈ ಕಂದಕ ಹಾಗೆಯೇ ಇದೆ. ದಲಿತರ ವಿಷಯದಲ್ಲಿ ಮಾತ್ರ ಕಾನೂನು ಗಟ್ಟಿಯಾಗಿದೆ: ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಉದ್ಯೋಗಕ್ಕೆ ಅಡ್ಡಿಪಡಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಹಾಗಾಗಿ ಧರ್ಮ ಮತ್ತು ಜಾತಿಯ ವಿಷಯದಲ್ಲಿ ಸಂಸ್ಥೆ ತಾನೇ ಬರೆದುಕೊಳ್ಳುವ ನೀತಿಗೆ ಬೆಲೆ ಹೆಚ್ಚು. ಕಾರ್ಕಳದವರು ಅದನ್ನು ನೀತಿಯಲ್ಲಿ ಸೇರಿಸಲಿ, ಬರೆದು ನಿಲ್ಲಿಸದೆ ವಿಧಾನವನ್ನೂ ಬದಲಿಸಲಿ. ಅರ್ಜಿಗಳನ್ನು ಒಬ್ಬರು ಸ್ವೀಕರಿಸಿ ಹೆಸರು, ವಿಳಾಸ, ಫೋಟೋ ಮುಚ್ಚಿ ಕ್ರಮಸಂಖ್ಯೆ ಹಾಕಲಿ; ಆರಿಸುವವರು ಬೇರೆಯವರಾಗಿರಲಿ. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಅಂಕ. ಯಾರನ್ನು ಏಕೆ ಬಿಟ್ಟೆವು ಎಂದು ಒಂದು ಸಾಲು ಬರೆದಿಡಲಿ. ಆ ಒಂದು ಸಾಲು ಬರೆಯಲು ಪೆನ್ನು ಮೇಲೇಳದಿದ್ದರೆ ಕಾರಣ ಬೇರೆಯೇ ಇದೆ ಎಂದು ಬರೆಯುವವರಿಗೇ ಗೊತ್ತಾಗುತ್ತದೆ.

ರಾತ್ರಿಪಾಳಿ_ದಾದಿ

ಮಣಿಪಾಲ, ಉಡುಪಿ ಕಡೆಯ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವಳು. ಲಿಂಗತ್ವ ಅಲ್ಪಸಂಖ್ಯಾತರ ಮಾತು ಇಲ್ಲಿ ಬಂದಿಲ್ಲ. ಅವರ ಹಕ್ಕುಗಳ ಕುರಿತ 2019ರ ಕಾಯ್ದೆಯ ಪ್ರಕಾರ ಯಾವ ಸಂಸ್ಥೆಯೂ ಉದ್ಯೋಗದಲ್ಲಿ ಅವರಿಗೆ ತಾರತಮ್ಯ ಮಾಡುವಂತಿಲ್ಲ, ದೂರು ಅಧಿಕಾರಿಯನ್ನು ನೇಮಿಸಬೇಕು. 2020ರ ನಿಯಮಗಳು ಅವರಿಗೂ ಸಮಾನ ಅವಕಾಶ ನೀತಿ ಬೇಕೆನ್ನುತ್ತವೆ. ನಮ್ಮ ರಾಜ್ಯ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇಕಡಾ 1 ಮೀಸಲಾತಿ ಕೊಟ್ಟಿತು, ದೇಶದಲ್ಲೇ ಮೊದಲು. ಖಾಸಗಿಯಲ್ಲಿ ಮಾತ್ರ ಹಾಜರಿ ಪಟ್ಟಿಯಲ್ಲಿ ಯಾವ ಹೆಸರು, ಯಾವ ಸಮವಸ್ತ್ರ, ಯಾವ ಶೌಚಾಲಯ ಎಂಬಲ್ಲಿಗೇ ಎಲ್ಲ ನಿಂತುಹೋಗುತ್ತದೆ. ಈ ಮೂರನ್ನು ಮೊದಲೇ ಬರೆದಿಟ್ಟರೆ ಬಂದವರು ಮೊದಲ ದಿನವೇ ಅವಮಾನ ನುಂಗಬೇಕಾಗುವುದಿಲ್ಲ.

ವಕೀಲೆ_ಬಲ್ಮಠ

ದೂರು ಸಮಿತಿಯ ಬಗ್ಗೆ ಹೇಳುವುದು ಬಾಕಿ ಇತ್ತು. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಹತ್ತು ಅಥವಾ ಹೆಚ್ಚು ನೌಕರರಿರುವಲ್ಲಿ ಆಂತರಿಕ ಸಮಿತಿ ಕಡ್ಡಾಯ, ಇಲ್ಲದಿದ್ದರೆ ಐವತ್ತು ಸಾವಿರದವರೆಗೆ ದಂಡ. ಅಧ್ಯಕ್ಷೆ ಅದೇ ಸಂಸ್ಥೆಯ ಹಿರಿಯ ಮಹಿಳಾ ನೌಕರರಾಗಿರಬೇಕು. ಧಣಿಗಳ ಮನೆಯವರು ಎಂಬ ಕಾರಣಕ್ಕೆ ಕೂರುವಂತಿಲ್ಲ. ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಮಹಿಳೆಯರು, ಹೊರಗಿನ ಒಬ್ಬ ಸದಸ್ಯರು ಇರಬೇಕು. ಗುತ್ತಿಗೆಯವರು, ತರಬೇತಿಯಲ್ಲಿರುವವರು ಎಲ್ಲರೂ ದೂರು ಕೊಡಬಹುದು. ಮೂರು ತಿಂಗಳೊಳಗೆ ದೂರು, ತೊಂಬತ್ತು ದಿನದೊಳಗೆ ವಿಚಾರಣೆ. ಬರೆಯಲು ಬಾರದವರಿಗೆ ದೂರು ಬರೆದುಕೊಡುವುದು ಸಮಿತಿಯ ಕರ್ತವ್ಯ. ನಿಮ್ಮಲ್ಲಿ ತುಳು, ಕೊಂಕಣಿ ಮಾತನಾಡುವವರ ಜೊತೆಗೆ ಒಡಿಶಾ, ಜಾರ್ಖಂಡಿನಿಂದ ಬಂದವರೂ ಇರಬಹುದು. ಅವರ ಮಾತು ತಿಳಿಯುವ ಒಬ್ಬರು ಸಮಿತಿಯಲ್ಲಿರಲಿ. ಪ್ರತಿ ವರ್ಷದ ವರದಿ ಜಿಲ್ಲಾಧಿಕಾರಿಗೆ ಹೋಗಬೇಕು. ಉಡುಪಿಯವರಿಗೆ ಅವರ ಕಚೇರಿ ಇರುವುದು ಮಣಿಪಾಲದ ರಜತಾದ್ರಿಯಲ್ಲಿ. ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿಗಳ ಮಹಿಳೆಯರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ.

ಗೇರುಬೀಜ_ಕಾರ್ಕಳ

ಎಲ್ಲರಿಗೂ ಕೃತಜ್ಞತೆಗಳು. ಫಲಕ ಇಳಿಸಿಯಾಗಿದೆ. ಸಮಿತಿಗೆ ಹೊಸ ಅಧ್ಯಕ್ಷೆಯಾಗಿ ಸುಲಿಯುವ ವಿಭಾಗದ ಹಿರಿಯರೊಬ್ಬರು ಒಪ್ಪಿದ್ದಾರೆ. ಯಂತ್ರದ ಎದುರಿನ "ಆಪರೇಟರ್", "ಹೆಲ್ಪರ್" ಪಟ್ಟಿಯನ್ನು ಧಣಿಗಳ ಮುಂದಿಟ್ಟೆ. ಅವರು ಬಹಳ ಹೊತ್ತು ನೋಡಿ, "ವ್ಯತ್ಯಾಸದ ಮೊತ್ತ ಎಷ್ಟಾಗುತ್ತದೆ, ಲೆಕ್ಕ ಹಾಕಿ ತನ್ನಿ" ಎಂದರು. ಇಲ್ಲ ಎನ್ನಲಿಲ್ಲ. ಉಳಿದ ಕೆಲಸಗಳ ಹೋಲಿಕೆಗೆ ಹೆಂಗಸರನ್ನೇ ಕರೆದು ಮಾತನಾಡಬೇಕೆಂದಿದ್ದೇನೆ. ಶನಿವಾರ ಸಂಜೆ ಪಾಳಿ ಮುಗಿದ ಮೇಲೆ ಕರೆಯಲೇ?

ಸಂಘದ_ಕಾರ್ಯಕರ್ತೆ_ಉಡುಪಿ

ಸಂಜೆ ಬೇಡ. ಬಸ್ ತಪ್ಪುತ್ತದೆ ಎಂಬ ಅವಸರದಲ್ಲಿ ಎಲ್ಲದಕ್ಕೂ ಹೂಂ ಎಂದು ಹೊರಟುಬಿಡುತ್ತಾರೆ. ಊಟದ ನಂತರ, ಕೆಲಸದ ಹೊತ್ತಿನಲ್ಲೇ ಕರೆಯಿರಿ, ಮೇಲ್ವಿಚಾರಕರು ಕೋಣೆಯಲ್ಲಿ ಇರದಂತೆ ನೋಡಿಕೊಳ್ಳಿ. ಮತ್ತು ಅವರು ಕಿಲೋ ಲೆಕ್ಕದವರು: ಸಭೆಯಲ್ಲಿ ಕುಳಿತಷ್ಟು ಹೊತ್ತು ಅವರ ತೂಕ ಇಳಿಯುತ್ತದೆ. ಆ ಗಂಟೆಗೆ ಹಿಂದಿನ ವಾರದ ಸರಾಸರಿ ಕೂಲಿ ಕಟ್ಟಿ ಕೊಡುತ್ತೇವೆಂದು ಕರೆಯುವಾಗಲೇ ಹೇಳಿ.